ಓದೋಕೆ ಬರಲ್ಲ ಅಂದ್ರೆ ಕಲ್ಲು ‘ನಿಗೂಢ’ ಆಗುತ್ತಾ?

ಕಾಲೇಜು ಮುಗಿಸಿ ವರದಿಗಾರಿಕೆ ಶುರು ಮಾಡಿದ ಮೊದಲ ವರ್ಷದ ಮಾತು. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೆರೆ ಏರಿ ಮೇಲಿನ ಜಾಲಿ ಕೀಳುವಾಗ ಒಂದು ಕಲ್ಲು ಕಂಡಿತು. ಎದೆಯೆತ್ತರದ ಚಪ್ಪಡಿ. ಮೇಲ್ಗಡೆ ಸೂರ್ಯ, ಚಂದ್ರ. ಕೆಳಗೆ ಸಾಲು ಸಾಲಾಗಿ ಅಕ್ಷರ. ನಾನು ಫೋಟೊ ತೆಗೆದೆ. ಅಲ್ಲಿದ್ದ ನಾಲ್ಕು ಜನರನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ ಅಂದರು. ಸಂಜೆ ಹೊತ್ತಿಗೆ ಸುದ್ದಿ ತಯಾರಾಯಿತು: ‘ಕೆರೆ ಏರಿಯಲ್ಲಿ ನಿಗೂಢ ಲಿಪಿಯ ಕಲ್ಲು ಪತ್ತೆ’.

ಸುದ್ದಿ ಚೆನ್ನಾಗಿ ಓಡಿತು. ವಾಟ್ಸಾಪ್‌ನಲ್ಲಿ ನನಗೇ ನಾಲ್ಕೈದು ಸಲ ವಾಪಸ್ ಬಂತು. ಮಾರನೇ ದಿನ ಪಕ್ಕದೂರಿನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಫೋನ್ ಮಾಡಿದರು.

“ನಿಗೂಢ ಅಂತ ಬರ್ದಿದ್ಯಲ್ಲಪ್ಪಾ, ನೀನು ಓದೋಕೆ ನೋಡಿದ್ಯಾ?”

“ಇಲ್ಲ ಸಾರ್, ಯಾರಿಗೂ ಓದೋಕೆ ಬರಲ್ಲ ಅಂದ್ರು.”

“ಯಾರಿಗೂ ಅಂದ್ರೆ ಎಷ್ಟು ಜನಕ್ಕೆ?”

“ನಾಲ್ಕು ಜನ ಸಾರ್.”

ಮೇಷ್ಟ್ರು ನಗಲಿಲ್ಲ. ಅವತ್ತು ಸಂಜೆ ಅಲ್ಲಿಗೇ ಬರ್ತೀನಿ ಅಂದರು. ಬಂದವರು ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು, ಒದ್ದೆ ಬಟ್ಟೆಯಲ್ಲಿ ಮಣ್ಣು ಒರೆಸಿ, ನನ್ನ ಫೋನಿನ ಟಾರ್ಚನ್ನು ಪಕ್ಕದಿಂದ ಹಿಡಿಯೋಕೆ ಹೇಳಿದರು. ಬೆಳಕು ಓರೆಯಾಗಿ ಬಿದ್ದ ಕೂಡಲೇ ಅಕ್ಷರಗಳು ಎದ್ದು ಕೂತವು. ಮೊದಲ ಸಾಲಿನಲ್ಲಿ ‘ಸ್ವಸ್ತಿ ಶ್ರೀ’ ಅಂತ ಇತ್ತು. ಕೆಳಗೆ ‘ಕೆರೆ’ ಅನ್ನೋದು, ‘ಗದ್ದೆ’ ಅನ್ನೋದು, ‘ಕೊಟ್ಟ’ ಅನ್ನೋದು ನನಗೂ ಕಾಣಿಸಿತು. ಕನ್ನಡವೇ. ನಾನು ಒಂದನೇ ಕ್ಲಾಸಿನಿಂದ ಓದಿಕೊಂಡು ಬಂದ ಭಾಷೆ.

ಅವತ್ತಿನಿಂದ ಆ ಒಂದು ಪದ ನನ್ನ ತಲೆಯಲ್ಲಿ ಕೂತಿದೆ. ಅದನ್ನು ಯಾವಾಗ ಬಳಸಬಹುದು, ಯಾವಾಗ ಬಳಸಬಾರದು ಅನ್ನೋದೇ ಈ ಬರಹ.

ಇಂಗ್ಲಿಷಿನ ಮೂರು ಪದ

ಅರ್ಥವಾಗದ್ದಕ್ಕೆ, ಓದಲಾಗದ್ದಕ್ಕೆ ಇಂಗ್ಲಿಷಿನಲ್ಲಿ ಹಲವು ಪದಗಳಿವೆ. ಅದರಲ್ಲಿ ಮೂರನ್ನು ನೋಡೋಣ. ನಮ್ಮ ಕಲ್ಲುಗಳ ವಿಚಾರಕ್ಕೆ ಮೂರೂ ಬೇಕಾಗುತ್ತವೆ.

ಮೊದಲನೆಯದು ‘ಇಲ್ಲೆಜಿಬಲ್’. ಅಂದರೆ ಅಕ್ಷರವೇ ಕಾಣಿಸುತ್ತಿಲ್ಲ, ಸವೆದಿದೆ, ಗೀಚಿದಂತಿದೆ ಅಂತ. ಕೆಲವು ಡಾಕ್ಟರು ಬರೆದ ಚೀಟಿಯನ್ನು ನೆನಪು ಮಾಡಿಕೊಳ್ಳಿ.

ಎರಡನೆಯದು ‘ಕ್ರಿಪ್ಟಿಕ್’. ಇದು ಗ್ರೀಕ್ ಮೂಲದ್ದು. ‘ಬಚ್ಚಿಟ್ಟದ್ದು’ ಅನ್ನೋ ಅರ್ಥದಿಂದ ಬಂದಿದೆ. ಕ್ರಿಪ್ಟೋ ಕರೆನ್ಸಿಯ ಕ್ರಿಪ್ಟೋ ಕೂಡ ಅದೇ ಬೇರಿನದು. ನಮ್ಮ ‘ನಿಗೂಢ’ವೂ ಹಾಗೇ. ‘ಗೂಢ’ ಅಂದರೆ ಮರೆಯಾಗಿರುವುದು. ಗುಟ್ಟಾಗಿ ಓಡಾಡೋನು ಗೂಢಚಾರ.

ಮೂರನೆಯದು ‘ಇನ್‌ಸ್ಕ್ರೂಟಬಲ್’. ಕೇಳೋಕೆ ದೊಡ್ಡ ಪದ, ಆದರೆ ಅದರ ಅರ್ಧ ನಿಮಗೆ ಗೊತ್ತು. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ನಾಮಪತ್ರ ಹಾಕಿದ ಮೇಲೆ ‘ಸ್ಕ್ರೂಟಿನಿ’ ನಡೆಯುತ್ತಲ್ಲ, ಅದೇ ಸ್ಕ್ರೂಟಿನಿ. ಹುಡುಕಿ, ಕೆದಕಿ, ಒಂದೊಂದನ್ನೂ ಪರಿಶೀಲಿಸುವುದು. ಎಷ್ಟು ಸ್ಕ್ರೂಟಿನಿ ಮಾಡಿದರೂ ಬಿಟ್ಟುಕೊಡದ್ದು ಇನ್‌ಸ್ಕ್ರೂಟಬಲ್.

ಈ ಮೂರನೇ ಪದದಲ್ಲಿ ಒಂದು ಷರತ್ತಿದೆ. ಮೊದಲು ಹುಡುಕಿರಬೇಕು. ಆಮೇಲೆ ಸೋತಿರಬೇಕು. ಆಗ ಮಾತ್ರ ಆ ಪದ ಹೇಳುವ ಹಕ್ಕು ಬರುತ್ತೆ. ನಾಮಪತ್ರ ತೆರೆದೇ ನೋಡದೆ ತಿರಸ್ಕರಿಸುವ ಹಾಗಿಲ್ಲ. ನಾನು ಮಾಡಿದ್ದು ಅದನ್ನೇ.

ಬಚ್ಚಿಟ್ಟದ್ದಲ್ಲ, ಎಲ್ಲರೂ ನೋಡಲಿ ಅಂತ ನೆಟ್ಟದ್ದು

ಶಾಸನ ಅಂದರೆ ಏನು? ಇವತ್ತು ಪಂಚಾಯ್ತಿ ಆಫೀಸಿನ ಗೋಡೆ ಮೇಲೆ ಕಾಮಗಾರಿಯ ಬೋರ್ಡ್ ಹಾಕ್ತಾರಲ್ಲ, ಇಂಥ ಯೋಜನೆ, ಇಷ್ಟು ಹಣ, ಇಂಥವರ ಅವಧಿಯಲ್ಲಿ ಅಂತ. ಶಾಸನವೂ ಅದೇ ಕೆಲಸ ಮಾಡುತ್ತಿತ್ತು. ಯಾರ ಆಳ್ವಿಕೆಯಲ್ಲಿ, ಯಾರು, ಯಾರಿಗೆ, ಯಾವ ಜಮೀನು ಕೊಟ್ಟರು, ಅದರ ಎಲ್ಲೆ ಯಾವುದು, ಯಾರು ಸಾಕ್ಷಿ. ಅದನ್ನು ಕೆರೆ ತೂಬಿನ ಹತ್ತಿರ, ಗುಡಿಯ ಮುಂದೆ, ಊರ ಬಾಗಿಲಲ್ಲಿ ನೆಡುತ್ತಿದ್ದರು. ನಾಳೆ ಯಾರೂ ತಕರಾರು ತೆಗೆಯಬಾರದು ಅನ್ನೋದೇ ಉದ್ದೇಶ. ಬಚ್ಚಿಡಬೇಕು ಅಂದಿದ್ದರೆ ಕಲ್ಲಿನಲ್ಲಿ ಕೆತ್ತಿಸಿ ಬಯಲಲ್ಲಿ ನಿಲ್ಲಿಸುತ್ತಿರಲಿಲ್ಲ.

ಮೇಲೆ ಕೆತ್ತಿದ ಸೂರ್ಯ ಚಂದ್ರರಿಗೂ ಅರ್ಥವಿದೆ. ಸೂರ್ಯ ಚಂದ್ರ ಇರುವವರೆಗೂ ಈ ದಾನ ನಡೆಯಬೇಕು ಅಂತ. ಪಕ್ಕದಲ್ಲಿ ಹಸು ಕರು ಇದ್ದರೆ, ಈ ದಾನ ಕೆಡಿಸಿದವನಿಗೆ ಗೋಹತ್ಯೆಯ ಪಾಪ ಅನ್ನೋ ಎಚ್ಚರಿಕೆ. ಅಕ್ಷರ ಬಾರದವರಿಗೂ ತಿಳಿಯಲಿ ಅಂತಲೇ ಚಿತ್ರ.

ಹೊಲದ ಬದುವಿನಲ್ಲಿ ಬರೀ ಲಿಂಗ ಕೆತ್ತಿದ ಕಲ್ಲು ಕಾಣುತ್ತೆ. ಅದಕ್ಕೆ ಲಿಂಗಮುದ್ರೆ ಕಲ್ಲು ಅಂತಾರೆ. ಶಿವನ ಗುಡಿಗೆ ಬಿಟ್ಟ ಜಮೀನಿನ ಎಲ್ಲೆಗಲ್ಲು ಅದು. ಚಕ್ರ ಇದ್ದರೆ ವಿಷ್ಣು ದೇವಸ್ಥಾನದ್ದು. ಮೂರು ಕೊಡೆ ಇದ್ದರೆ ಜೈನ ಬಸದಿಯದು, ಅದು ಮುಕ್ಕೊಡೆ ಕಲ್ಲು. ಕೊಡೆ, ಕಮಂಡಲು ಹಿಡಿದ ವಾಮನ ಇದ್ದರೆ ಬ್ರಾಹ್ಮಣರಿಗೆ ಕೊಟ್ಟ ಭೂಮಿ. ಇವತ್ತು ಸರ್ವೆಯವರು ನೆಡುವ ಬಾಂದು ಕಲ್ಲಿನ ಅಣ್ಣತಮ್ಮಂದಿರು ಇವು.

ಇದಕ್ಕೆ ಒಂದು ಅಪವಾದ ಇದೆ. ಕೆಲವು ಊರುಗಳಲ್ಲಿ ಚೌಕ ಚೌಕ ಮನೆ ಬರೆದು, ಒಂದೊಂದು ಮನೆಗೆ ಒಂದೊಂದು ಅಕ್ಷರ ಕೆತ್ತಿದ ಕಲ್ಲು ಇರುತ್ತೆ. ಅದು ಯಂತ್ರದ ಕಲ್ಲು. ದನಕರುಗಳಿಗೆ ರೋಗ ಬಂದರೆ ಅದರ ಮುಂದೆ ಹಾಯಿಸುತ್ತಿದ್ದರು. ಅದರ ಅಕ್ಷರ ಓದಬಹುದು, ಆದರೆ ಕೂಡಿಸಿದರೆ ವಾಕ್ಯ ಆಗಲ್ಲ. ಅವು ಮಂತ್ರದ ಬೀಜಾಕ್ಷರಗಳು. ಬೇಕು ಅಂತಲೇ ಗುಟ್ಟಾಗಿ ಬರೆದದ್ದು. ಅದನ್ನು ನಿಗೂಢ ಅಂದರೆ ಒಪ್ಪಬಹುದು. ಉಳಿದ ಕಲ್ಲುಗಳನ್ನಲ್ಲ.

ಹಾಗಾದರೆ ನಮಗೆ ಯಾಕೆ ಓದೋಕೆ ಬರಲ್ಲ?

ಕಾರಣ ಮೂರು. ಮೂರೂ ಮಾಟಮಂತ್ರದ ಕಾರಣ ಅಲ್ಲ.

ಒಂದು, ಅಕ್ಷರದ ರೂಪ ಬದಲಾಗಿದೆ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು 450ನೇ ಇಸವಿಯದು. ಅಲ್ಲಿಂದ ಇಲ್ಲಿಗೆ 1500 ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಅಕ್ಷರ ದುಂಡಾಗುತ್ತಾ, ತಲೆಕಟ್ಟು ಬೆಳೆಯುತ್ತಾ ಬಂದಿದೆ. ಕಲ್ಲಿನಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಈಗ ಇಲ್ಲದ ಎರಡು ಅಕ್ಷರ ಆಗ ಇದ್ದವು, ೞ ಮತ್ತು ಱ. ‘ಕೆರೆ’ಯನ್ನು ‘ಕೆಱೆ’ ಅಂತ ಬರೆಯುತ್ತಿದ್ದರು. ‘ಹಳೆಯ’ ಅನ್ನೋದು ‘ಪೞೆಯ’ ಆಗಿತ್ತು.

ಇಲ್ಲಿ ಒಂದು ಕೀಲಿ ಕೊಡ್ತೀನಿ. ಹಳಗನ್ನಡದಲ್ಲಿ ಪದದ ಮೊದಲಿಗೆ ‘ಪ’ ಇದ್ದದ್ದು ಆಮೇಲೆ ಬಹಳ ಕಡೆ ‘ಹ’ ಆಯಿತು. ಪಾಲು ಹಾಲಾಯಿತು. ಪುಲಿ ಹುಲಿಯಾಯಿತು. ಪೂ ಹೂವಾಯಿತು. ಪಳ್ಳಿ ಹಳ್ಳಿಯಾಯಿತು. ಹಳೇ ಶಾಸನದಲ್ಲಿ ‘ಪಳ್ಳಿ’ ಕಂಡರೆ ಅದನ್ನು ಹಳ್ಳಿ ಅಂತ ಓದಿ ನೋಡಿ, ಅರ್ಧ ಗಂಟು ಬಿಚ್ಚಿಕೊಳ್ಳುತ್ತೆ.

ಎರಡು, ನಮ್ಮ ಜಿಲ್ಲೆಯ ಕಲ್ಲುಗಳೆಲ್ಲ ಕನ್ನಡದಲ್ಲಿಲ್ಲ. 11ನೇ ಶತಮಾನದ ಆರಂಭದಲ್ಲಿ ಚೋಳರು ಗಂಗವಾಡಿಯನ್ನು ಗೆದ್ದರು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ತಲಕಾಡು ಗೆಲ್ಲುವವರೆಗೆ ಈ ಭಾಗ ಅವರ ಕೈಯಲ್ಲಿತ್ತು. ಮುಂದೆ 1254ರಲ್ಲಿ ಹೊಯ್ಸಳ ಸೋಮೇಶ್ವರ ತೀರಿಕೊಂಡ ಮೇಲೆ ರಾಜ್ಯ ಇಬ್ಬರು ಮಕ್ಕಳಿಗೆ ಹಂಚಿಹೋಗಿ, ಈ ಕಡೆಯ ಭಾಗ ತಮಿಳು ನಾಡಿನ ಜೊತೆಗೆ ರಾಮನಾಥನ ಪಾಲಿಗೆ ಬಂತು. ಅವನ ರಾಜಧಾನಿಗಳಲ್ಲಿ ಒಂದಾಗಿದ್ದ ಕುಂದಾಣ ಇವತ್ತಿನ ದೇವನಹಳ್ಳಿ ತಾಲ್ಲೂಕಿನಲ್ಲೇ ಇದೆ. ಹಾಗಾಗಿ ದೇವನಹಳ್ಳಿ, ಹೊಸಕೋಟೆ ಕಡೆಯ ಹಳೇ ಗುಡಿಗಳ ಗೋಡೆಯಲ್ಲಿ ತಮಿಳು, ಗ್ರಂಥ ಲಿಪಿಯ ಬರಹ ಸಿಗುತ್ತೆ. ವಿಜಯನಗರದವರ ತಾಮ್ರಪಟಗಳು ಎಷ್ಟೋ ನಂದಿನಾಗರಿಯಲ್ಲಿವೆ. ಕನ್ನಡ ಬಲ್ಲವನು ಅವನ್ನು ನೋಡಿ ಓದಲಾರೆ ಅಂದರೆ ಅದು ಸಹಜ. ಆದರೆ ತಮಿಳು ಶಾಸನ ಬಲ್ಲವರಿಗೆ ಅದು ಸಲೀಸು. ನನಗೆ ಬರಲ್ಲ ಅನ್ನೋದಕ್ಕೂ ಯಾರಿಗೂ ಬರಲ್ಲ ಅನ್ನೋದಕ್ಕೂ ಬಹಳ ದೂರ ಇದೆ.

ಮೂರು, ಅಕ್ಷರ ಗೊತ್ತಾದರೂ ಪದ ಮರೆತುಹೋಗಿದೆ. ‘ಗದ್ಯಾಣ’ ನಾಣ್ಯ. ‘ಖಂಡುಗ’, ‘ಕೊಳಗ’ ಅಳತೆ, ಇದನ್ನು ನಮ್ಮ ಅಜ್ಜಂದಿರು ಬಲ್ಲರು. ‘ಕೊಡಗೆ’ ಅಂದರೆ ಕಂದಾಯದ ರಿಯಾಯಿತಿಯಲ್ಲಿ ಬಿಟ್ಟುಕೊಟ್ಟ ಜಮೀನು. ‘ಬಿತ್ತುವಟ್ಟ’ ಅಂದರೆ ಕೆರೆ ಕಟ್ಟಿ ನೋಡಿಕೊಂಡವರಿಗೆ ಬಿಟ್ಟ ಭೂಮಿ. ‘ತುರುಗೋಳ್’ ಅಂದರೆ ದನ ಹೊಡೆದುಕೊಂಡು ಹೋಗೋ ಕಾಳಗ. ಆ ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಟ್ಟ ಜಮೀನು ‘ನೆತ್ತರುಗೊಡಗೆ’. ನೆತ್ತರಿಗೆ ಕೊಟ್ಟ ಕೊಡಗೆ. ಇದರಲ್ಲಿ ಯಾವ ಪದವೂ ಮಂತ್ರವಲ್ಲ. ಎಲ್ಲ ಹೊಲ, ಗದ್ದೆ, ದನದ ಮಾತು. ಹಳ್ಳಿಯವರ ಮಾತು.

1837: ಒಂದೇ ವರ್ಷದ ಎರಡು ಸಂಗತಿ

14ನೇ ಶತಮಾನದಲ್ಲಿ ದೆಹಲಿ ಸುಲ್ತಾನ ಫಿರೋಜ್ ಷಾ ತುಘಲಕ್ ತೋಪ್ರಾ ಅನ್ನೋ ಊರಿಂದ ಒಂದು ದೊಡ್ಡ ಕಲ್ಲುಕಂಬವನ್ನು ದೆಹಲಿಗೆ ತರಿಸಿದ. ಅದರ ಮೇಲೆ ಅಕ್ಷರಗಳಿದ್ದವು. ಪಂಡಿತರನ್ನು ಕರೆಸಿದ. ಯಾರಿಗೂ ಓದಲಾಗಲಿಲ್ಲ. ಕೆಲವರು ಮಾತ್ರ, ಫಿರೋಜ್ ಅನ್ನೋ ಸುಲ್ತಾನ ಹುಟ್ಟಿ ಬರುವವರೆಗೂ ಈ ಕಂಬವನ್ನು ಯಾರೂ ಅಲುಗಿಸಲಾರರು ಅಂತ ಬರೆದಿದೆ ಎಂದು ಹೇಳಿದರಂತೆ. ಆ ಕಾಲದ ಇತಿಹಾಸಕಾರ ಷಂಸ್-ಇ-ಸಿರಾಜ್ ಅಫೀಫ್ ಇದನ್ನು ಬರೆದಿಟ್ಟಿದ್ದಾನೆ. ಓದೋಕೆ ಬರದ ಕಲ್ಲು ಸಿಕ್ಕರೆ ಕೇಳುವವನಿಗೆ ಇಷ್ಟವಾಗುವ ಅರ್ಥ ಹೇಳೋ ಜನ ಆಗಲೂ ಇದ್ದರು.

1837ರಲ್ಲಿ ಕಲ್ಕತ್ತದ ಟಂಕಸಾಲೆಯಲ್ಲಿ ಕೆಲಸ ಮಾಡುತ್ತಿದ್ದ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದ. ಅದು ಬ್ರಾಹ್ಮಿ. ಅವನಿಗೆ ದಾರಿ ಸಿಕ್ಕಿದ್ದು ದೊಡ್ಡ ಕಂಬದಿಂದಲ್ಲ, ಸಾಂಚಿ ಸ್ತೂಪದ ಕಲ್ಲುಬೇಲಿಯ ಮೇಲಿನ ಚಿಕ್ಕಚಿಕ್ಕ ಬರಹಗಳಿಂದ. ಬಹಳಷ್ಟು ಬರಹಗಳು ಒಂದೇ ಅಕ್ಷರಗಳಲ್ಲಿ ಮುಗಿಯುತ್ತಿದ್ದವು. ಗುಡಿಗಳಲ್ಲಿ ಜನ ಏನು ಬರೆಸುತ್ತಾರೆ ಅಂತ ಯೋಚಿಸಿ, ಅದು ‘ದಾನಂ’ ಇರಬೇಕು ಅಂದುಕೊಂಡ. ಸರಿಯಾಗಿತ್ತು. ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟಿನ ಮೇಲೂ ದಾನಿಗಳ ಹೆಸರು ಬರೆಸ್ತಾರಲ್ಲ, ಅದೇ ಬುದ್ಧಿ. ಆ ಎಳೆ ಹಿಡಿದು ದೆಹಲಿಯ ಕಂಬ ಓದಿದಾಗ ಅಲ್ಲಿ ಫಿರೋಜನ ಭವಿಷ್ಯ ಇರಲಿಲ್ಲ. ರಸ್ತೆ ಬದಿಗೆ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ, ಮಾವಿನ ತೋಪು ಮಾಡಿಸಿದೆ ಅಂತ ಅಶೋಕ ಬರೆಸಿದ್ದ.

ಅದೇ 1837ರಲ್ಲಿ ಬೆಂಗಳೂರಿನಲ್ಲಿ ಒಂದು ಮಗು ಹುಟ್ಟಿತು. ಬೆಂಜಮಿನ್ ಲೂಯಿಸ್ ರೈಸ್. ಪಾದ್ರಿಯ ಮಗ. ಮುಂದೆ ಹೈಸ್ಕೂಲಿನ ಮುಖ್ಯಸ್ಥನಾಗಿ, ಶಾಲೆಗಳ ಇನ್‌ಸ್ಪೆಕ್ಟರಾಗಿ ಮೈಸೂರು ಸೀಮೆ ಸುತ್ತಿದ. ಊರೂರು ತಿರುಗುವಾಗ ಎಲ್ಲಿ ನೋಡಿದರೂ ಬರಹದ ಕಲ್ಲು. ಆಮೇಲೆ ಅದೇ ಅವನ ಕೆಲಸವಾಯಿತು. ಕನ್ನಡ ಪಂಡಿತರ, ನಕಲು ಮಾಡುವವರ ತಂಡ ಕಟ್ಟಿಕೊಂಡು ಸುಮಾರು 9000 ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಅನ್ನೋ ಸಂಪುಟಗಳಲ್ಲಿ ಅಚ್ಚು ಹಾಕಿಸಿದ. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಹತ್ತಿರ ಅಶೋಕನ ಶಾಸನಗಳನ್ನು ಬೆಳಕಿಗೆ ತಂದವನೂ ಅವನೇ. ಆ ಬಂಡೆಯನ್ನು ಅಲ್ಲಿನ ಜನ ‘ಅಕ್ಷರಗುಂಡು’ ಅನ್ನುತ್ತಿದ್ದರು. ಓದೋಕೆ ಬರದಿದ್ದರೂ ಅದು ಅಕ್ಷರ ಅಂತ ಅವರಿಗೆ ಗೊತ್ತಿತ್ತು. ಪ್ರಿನ್ಸೆಪ್ ಬಿಡಿಸಿದ ಬ್ರಾಹ್ಮಿಯೇ ಅದು.

ನಮಗೆ ಬೇಕಾದ್ದು 1905ರಲ್ಲಿ ಬಂದ ಒಂಬತ್ತನೇ ಸಂಪುಟ, ಬೆಂಗಳೂರು ಜಿಲ್ಲೆಯದು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ನಾಲ್ಕೂ ಅದರಲ್ಲಿವೆ. ತಾಲ್ಲೂಕುವಾರು ನಂಬರು ಹಾಕಿ, ಯಾವ ಊರಿನ ಯಾವ ದಿಕ್ಕಿನಲ್ಲಿ, ಯಾವ ಗುಡಿಯ ಮುಂದೆ ಆ ಕಲ್ಲಿದೆ ಅಂತ ಬರೆದು, ಅದರ ಓದು ಮತ್ತು ಇಂಗ್ಲಿಷ್ ಅರ್ಥ ಕೊಟ್ಟಿದೆ. ಓದಲಾಗದ ಜಾಗ ಬಂದಾಗ ರೈಸ್ ಸುಮ್ಮನೆ ‘ಇಲ್ಲೆಜಿಬಲ್’ ಅಂತ ಬರೆಯುತ್ತಾನೆ. ಅಕ್ಷರ ಹೋಗಿದೆ, ಅಷ್ಟೆ. ಅದು ವರದಿ. ನಾನು ಬರೆದದ್ದು ವರದಿ ಅಲ್ಲ, ಬಣ್ಣ.

ಓದಿದರೆ ಏನು ಸಿಗುತ್ತೆ?

ಬೆಂಗಳೂರಿಗೆ ಹೆಸರು ಹೇಗೆ ಬಂತು ಅಂದರೆ ಎಲ್ಲರೂ ಬೆಂದಕಾಳೂರು ಕತೆ ಹೇಳ್ತಾರೆ. ಹೊಯ್ಸಳರ ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿ, ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು ಅಂತ. ಆದರೆ ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಸುಮಾರು 890ನೇ ಇಸವಿಯ ಒಂದು ವೀರಗಲ್ಲು ಇದೆ. ನಾಗತ್ತರನ ಕಡೆಯ ಬುಟ್ಟಣ ಸೆಟ್ಟಿ ‘ಬೆಂಗಳೂರ’ ಕಾಳಗದಲ್ಲಿ ಸತ್ತ ಅಂತ ಅದರಲ್ಲಿದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ಅವನು ಕಾಳು ತಿನ್ನುವುದಕ್ಕೆ ಸುಮಾರು 300 ವರ್ಷ ಮೊದಲೇ ಆ ಹೆಸರಿನ ಊರಿತ್ತು. ಒಂದು ಕಲ್ಲನ್ನು ಓದಿದ್ದರಿಂದ ಇಷ್ಟು ಗೊತ್ತಾಯಿತು.

2018ರಲ್ಲಿ ಹೆಬ್ಬಾಳದಲ್ಲಿ ಮಣ್ಣು ಅಗೆಯುವಾಗ ಇನ್ನೊಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ನೇ ಇಸವಿ. ಕಿತ್ತಯ್ಯ ಅನ್ನುವವನು ಹೋರಾಡಿ ಸತ್ತ ಅಂತ ಅದರಲ್ಲಿದೆ. ಆ ನಾಡಿನ ಹೆಸರು ‘ಪೆರ್ಬೊೞಲ್ ನಾಡು’. ಆಗಲೇ ಕೊಟ್ಟ ಕೀಲಿ ಹಾಕಿ ನೋಡಿ. ‘ಪ’ ಹೋಗಿ ‘ಹ’ ಬಂದರೆ ಪೆರ್ಬೊೞಲ್ ಅನ್ನೋದು ಹೆಬ್ಬಾಳ. ಫ್ಲೈಓವರ್ ಕೆಳಗೆ ಟ್ರಾಫಿಕ್‌ನಲ್ಲಿ ನಿಂತಾಗ ನೆನಪಿರಲಿ, ಆ ಹೆಸರಿಗೆ 1250 ವರ್ಷ ಮೀರಿದೆ.

ಅದೇ ಶ್ರೀಪುರುಷನ ಕಾಲದ ರಾಜಧಾನಿ ನಮ್ಮ ನೆಲಮಂಗಲ ತಾಲ್ಲೂಕಿನ ಮಣ್ಣೆ. ಆಗಿನ ಹೆಸರು ಮಾನ್ಯಪುರ. ಅಲ್ಲಿ ಸಿಕ್ಕ ಒಂದು ತಾಮ್ರಪಟದಲ್ಲಿ ಶಕ ವರ್ಷ 719 ಅಂತಿದೆ. ಶಕ ವರ್ಷಕ್ಕೆ 78 ಸೇರಿಸಿದರೆ ಇಸವಿ ಸಿಗುತ್ತೆ, ಅಂದರೆ 797. ಗಂಗ ಮಾರಸಿಂಹನ ಸೇನಾಪತಿ ಶ್ರೀವಿಜಯ ಅಲ್ಲಿ ಒಂದು ಜಿನಾಲಯ ಕಟ್ಟಿಸಿದ ಸಂಗತಿ ಅದರಲ್ಲಿದೆ. ಇವತ್ತು ಮಣ್ಣೆಗೆ ಹೋದರೆ ಸಾಧಾರಣ ಹಳ್ಳಿ. ಆ ತಗಡು ಓದದೇ ಹೋಗಿದ್ದರೆ ಅಲ್ಲಿ ಬಿದ್ದ ಕಲ್ಲು ಕಂಬಗಳಿಗೂ ಯಾವುದೋ ದೆವ್ವದ ಕತೆ ಕಟ್ಟಿಬಿಡುತ್ತಿದ್ದೆವು.

ಸೋತ ಮೇಲೆ ಹೇಳುವ ಮಾತು

19ನೇ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ಇನ್‌ಸ್ಕ್ರೂಟಬಲ್ ಪದವನ್ನು ಕಲ್ಲಿಗಿಂತ ಹೆಚ್ಚಾಗಿ ಮನುಷ್ಯರಿಗೆ ಬಳಸಿದ್ದಾರೆ. ಚೀನಾದವರು ಇನ್‌ಸ್ಕ್ರೂಟಬಲ್, ಪೂರ್ವ ದೇಶದವರ ಮುಖ ಇನ್‌ಸ್ಕ್ರೂಟಬಲ್ ಅಂತ. ಬರೆದವರಲ್ಲಿ ಎಷ್ಟೋ ಜನರಿಗೆ ಆ ಜನರ ಭಾಷೆ ಬರುತ್ತಿರಲಿಲ್ಲ. ಭಾಷೆ ಕಲಿಯದೆ ಮುಖ ನೋಡಿ ಅರ್ಥವಾಗಲಿಲ್ಲ ಅಂದರು. ಕೊರತೆ ನೋಡುವವರದು, ಪದ ಅಂಟಿದ್ದು ನೋಡಿಸಿಕೊಂಡವರಿಗೆ. ‘ಹಳ್ಳಿ ಜನರ ಮನಸ್ಸು ತಿಳಿಯೋದೇ ಇಲ್ಲ’ ಅಂತ ಈಗಲೂ ಹೇಳ್ತಾರಲ್ಲ, ಅದೂ ಇದೇ ಜಾತಿಯ ಮಾತು. ಒಂದು ದಿನ ಜಗಲಿ ಮೇಲೆ ಕೂತು ಕೇಳಿದ್ದರೆ ತಿಳಿಯುತ್ತಿತ್ತು.

ಗ್ರೀಸ್ ದೇಶದ ಕಡೆ ಜೇಡಿಮಣ್ಣಿನ ಹಲಗೆಗಳ ಮೇಲೆ ಒಂದು ಲಿಪಿ ಸಿಕ್ಕಿತ್ತು, ಅದಕ್ಕೆ ‘ಲೀನಿಯರ್ ಬಿ’ ಅಂತ ಹೆಸರು. 50 ವರ್ಷ ಯಾರಿಗೂ ಬಿಡಿಸಲಾಗಲಿಲ್ಲ. ಏನೇನೋ ರಹಸ್ಯ ಇದೆ ಅಂದುಕೊಂಡವರೂ ಇದ್ದರು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಅದನ್ನು ಓದಿದ. ಒಳಗಿದ್ದದ್ದು ಅರಮನೆಯ ಉಗ್ರಾಣದ ಲೆಕ್ಕ. ಎಷ್ಟು ಕುರಿ, ಎಷ್ಟು ಧಾನ್ಯ, ಎಷ್ಟು ಎಣ್ಣೆ.

ನಿಜವಾಗಿ ಇನ್ನೂ ಬಿಡಿಸದ ಲಿಪಿ ನಮ್ಮ ದೇಶದಲ್ಲೇ ಇದೆ, ಸಿಂಧೂ ಕಣಿವೆಯದು. ನೂರು ವರ್ಷದಿಂದ ಪ್ರಪಂಚದ ವಿದ್ವಾಂಸರು ಅದರ ಹಿಂದೆ ಬಿದ್ದಿದ್ದಾರೆ. ಬಿಡಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನ ಅಂತ ತಮಿಳುನಾಡು ಮುಖ್ಯಮಂತ್ರಿ 2025ರ ಜನವರಿಯಲ್ಲಿ ಘೋಷಿಸಿದರು. ಅಷ್ಟು ಹುಡುಕಿ ಸೋತ ಮೇಲೆ ಅದನ್ನು ನಿಗೂಢ ಅಂದರೆ ನ್ಯಾಯ. ನಮ್ಮೂರ ಏರಿ ಮೇಲಿನ ಕಲ್ಲಿಗೆ ನಾವು ಒಂದು ಚೊಂಬು ನೀರನ್ನೂ ಹಾಕಿ ನೋಡಿರುವುದಿಲ್ಲ.

ಆ ಪದದಿಂದ ಆದ ಕೆಲಸ

ಇನ್ನು ಆ ಕಲ್ಲಿನ ಉಳಿದ ಕತೆ ಹೇಳಬೇಕು.

ಮೇಷ್ಟ್ರು ಬಂದ ದಿನ ಕತ್ತಲಾಗಿಬಿಟ್ಟಿತ್ತು. ಮೇಲಿನ ಕೆಲವು ಸಾಲು ಮಾತ್ರ ಓದಿದೆವು. ಕೆಳಗಿನ ಭಾಗ ಮಣ್ಣಿನಲ್ಲಿತ್ತು. ಬರೋ ಭಾನುವಾರ ಅಗೆದು ತೆಗೆದು ಪೂರ್ತಿ ಓದೋಣ, ಅಚ್ಚು ತೆಗೆಸೋಣ ಅಂತ ಮಾತಾಯಿತು. ಭಾನುವಾರ ಹೋದಾಗ ಕಲ್ಲಿನ ಬುಡದಲ್ಲಿ ಆಳುದ್ದ ಗುಂಡಿ. ಪಕ್ಕದಲ್ಲಿ ನಿಂಬೆಹಣ್ಣು, ಕುಂಕುಮ. ಕಲ್ಲು ಎರಡು ಹೋಳಾಗಿತ್ತು. ಮೇಲಿನ ಹೋಳು ಅಲ್ಲೇ ಬಿದ್ದಿತ್ತು. ಕೆಳಗಿನದು ಚೂರಾಗಿತ್ತು, ಕೆಲವು ಚೂರು ಇರಲೂ ಇಲ್ಲ.

ಯಾರು ಮಾಡಿದರೋ ಗೊತ್ತಿಲ್ಲ. ಆದರೆ ನಿಗೂಢ ಅನ್ನೋ ಪದ ಓದಿದವನಿಗೆ ಮೊದಲು ಹೊಳೆಯೋದು ನಿಧಿ. ಸೂರ್ಯ ಚಂದ್ರ ಇದ್ದರೆ ನಿಧಿ, ಲಿಂಗ ಇದ್ದರೆ ನಿಧಿ, ಹಸು ಕರು ಇದ್ದರೆ ನಿಧಿ ಅಂತ ಹೇಳಿಕೊಂಡು ತಿರುಗುವವರು ಇದ್ದಾರೆ. ಫಿರೋಜ್ ಷಾಗೆ ಭವಿಷ್ಯ ಹೇಳಿದವರ ಸಂತಾನ. ದಾನ ಕೊಟ್ಟ ವಿಚಾರ ಬರೆದ ಕಲ್ಲಿನ ಕೆಳಗೆ ಹಣ ಹೂಳಿಡಲು ಕಾರಣವೇ ಇಲ್ಲ. ಕೊಟ್ಟದ್ದು ಭೂಮಿ. ಆ ಭೂಮಿ ಕಣ್ಣ ಮುಂದೆ, ಕೆರೆ ಕೆಳಗೆ ಹರಡಿಕೊಂಡು ಬಿದ್ದಿತ್ತು.

ಆ ಕೆರೆಯನ್ನು ಯಾರು ನೋಡಿಕೊಂಡರು, ಯಾರಿಗೆ ಗದ್ದೆ ಬಿಟ್ಟರು ಅನ್ನೋ ಹೆಸರು ಕೆಳಗಿನ ಸಾಲುಗಳಲ್ಲಿ ಇದ್ದಿರಬೇಕು. ಅದು ಹೋಯಿತು. ನಾನು ಬರೆದಾಗ ಆ ಕಲ್ಲು ನಿಗೂಢ ಆಗಿರಲಿಲ್ಲ. ಬರೆದ ಮೇಲೆ ಆಯಿತು. ಈಗ ಯಾವ ಪಂಡಿತರು ಬಂದರೂ ಓದಲಾರರು.

ನೀವು ಏನು ಮಾಡಬಹುದು

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹೊಲ ಲೇಔಟ್ ಆಗುತ್ತಿದೆ, ರಸ್ತೆ ಅಗಲವಾಗುತ್ತಿದೆ. ಜೆಸಿಬಿಗೆ ಯಾವುದು ಶಾಸನ, ಯಾವುದು ಸೈಜುಗಲ್ಲು ಅಂತ ಗೊತ್ತಾಗಲ್ಲ. ಗೊತ್ತಿರಬೇಕಾದವರು ನಾವು.

ಕಲ್ಲು ಕಂಡರೆ ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವ ಹೊತ್ತಲ್ಲಿ ಫೋಟೊ ತೆಗೀರಿ. ಇಲ್ಲದಿದ್ದರೆ ಕತ್ತಲಲ್ಲಿ ಇನ್ನೊಬ್ಬರ ಕೈಲಿ ಟಾರ್ಚನ್ನು ಪಕ್ಕದಿಂದ ಹಿಡಿಸಿ. ಒಂದು ಫೋಟೊ ಪೂರ್ತಿ ಕಲ್ಲಿನದು, ಉಳಿದವು ಎರಡೆರಡು ಸಾಲಿನವು. ಎಷ್ಟು ಉದ್ದ, ಎಷ್ಟು ಅಗಲ, ಎಲ್ಲಿದೆ ಅಂತ ಬರೆದಿಡಿ. ಬರೀ ನೀರು, ಮೆತ್ತನೆ ಬಟ್ಟೆ ಸಾಕು. ತಂತಿ ಬ್ರಷ್ ಬೇಡ, ಆಸಿಡ್ ಬೇಡ, ಪೇಂಟ್ ಬೇಡ. ಪೂಜೆ ನಡೆಯುವ ಕಲ್ಲಾದರೆ ಎಣ್ಣೆ, ಸುಣ್ಣ ಅಕ್ಷರದ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಕಲ್ಲನ್ನು ಜಾಗದಿಂದ ಕೀಳಬೇಡಿ, ಅದು ನಿಂತ ಜಾಗವೂ ಅದರ ಅರ್ಥದ ಒಂದು ಭಾಗ.

ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ ಶುರುವಾದ ಸಂಸ್ಥೆ. 2021ರಿಂದ ಅವರು ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನು ಯಂತ್ರದಿಂದ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಅದರಲ್ಲಿ ಕಾಣುತ್ತೆ. ರಾಜ್ಯ ಪುರಾತತ್ವ ಇಲಾಖೆಯಲ್ಲಿ, ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳಲ್ಲಿ ಓದಬಲ್ಲವರಿದ್ದಾರೆ. ರೈಸ್ ಸಂಪುಟದಲ್ಲಿ ನಿಮ್ಮೂರ ಹೆಸರು ಇದೆಯಾ ಅಂತ ಮೊದಲು ಹುಡುಕಿ. ಇದ್ದರೆ 120 ವರ್ಷದ ಹಿಂದೆಯೇ ನಿಮ್ಮೂರ ಕಲ್ಲನ್ನು ಯಾರೋ ಓದಿದ್ದಾರೆ ಅಂತ ಆಯಿತು. ಆ ಕಲ್ಲು ಈಗಲೂ ಅಲ್ಲೇ ಇದೆಯಾ ಅಂತ ಹೋಗಿ ನೋಡಿ. ನೀವು ಮಾಡಬಹುದಾದ ದೊಡ್ಡ ಕೆಲಸ ಅದೇ.

ನಾನು ಆಮೇಲೆ ಅದೇ ಕಲ್ಲಿನ ಬಗ್ಗೆ ಇನ್ನೊಂದು ಸುದ್ದಿ ಬರೆದೆ. ‘ಕೆರೆ ದಾನದ ಶಾಸನ ಒಡೆದ ದುಷ್ಕರ್ಮಿಗಳು, ಮೇಲಿನ ಸಾಲುಗಳು ಮಾತ್ರ ಉಳಿದಿವೆ’ ಅಂತ. ಅದು ಹೆಚ್ಚು ಓಡಲಿಲ್ಲ. ಮೇಲಿನ ಹೋಳನ್ನು ಊರವರು ಗುಡಿಯ ಗೋಡೆಗೆ ಒರಗಿಸಿ ನಿಲ್ಲಿಸಿದ್ದಾರೆ. ಅಲ್ಲಿನ ಹೈಸ್ಕೂಲ್ ಹುಡುಗರು ಈಗ ಅದರ ಮೊದಲ ಸಾಲನ್ನು ಬೆರಳಿಟ್ಟು ಓದುತ್ತಾರೆ. ಮೇಷ್ಟ್ರು ಹೇಳಿಕೊಟ್ಟಿದ್ದಾರೆ.